ಅರವತ್ತೊಂದನೇ ಸೇತುವೆಯ ಬಳಿ, ಹೆಚ್ಚು ಕಡಿಮೆ

ಮಾನ್ಯ ಶಾಲಾ ಪ್ರವೇಶಾಧಿಕಾರಿಗಳೇ,

ನನ್ನ ಮಗಳು ಬ್ರಯನಿಗೆ ಹ್ಯಾದರ್‌ಡೀನ್ ಪ್ರೌಢಶಾಲೆಯಲ್ಲಿ ಸೀಟು ಕೊಡಲಾಗುವುದಿಲ್ಲ ಎಂದು ತಾವು ಮಾರ್ಚ್ ಒಂದರಂದು ಬರೆದ ಪತ್ರ ತಲುಪಿದೆ. ಕಾರಣವೂ ತಲುಪಿದೆ. ನಾವು ಆ ಶಾಲೆಯಿಂದ ಒಂಬತ್ತು ಮೈಲಿ ದೂರದಲ್ಲಿ ವಾಸವಾಗಿದ್ದೇವಂತೆ. ಪತ್ರ ಓದುವಾಗ ನಾನು ಒಲೆಯ ಮುಂದೆ ನಿಂತಿದ್ದೆ. ಕಿಟಕಿಯಾಚೆ, ಕಾಲುವೆಯ ಎದುರು ದಂಡೆಯಲ್ಲಿ, ಹ್ಯಾದರ್‌ಡೀನ್ ಶಾಲೆಯ ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದರು. ಅವರಲ್ಲೊಬ್ಬಳು ಇನ್ನೊಬ್ಬಳ ಹತ್ತಿರ ತನ್ನ ಬಿಸ್ಕತ್ತು ವಾಪಸು ಕೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಒಂಬತ್ತು ಮೈಲಿ ಆಚೆಯ ಬಿಸ್ಕತ್ತಿನ ಜಗಳ ಕೇಳಿಸುವಷ್ಟು ಚುರುಕು ಕಿವಿ ನನ್ನದು ಎಂದು ನಲವತ್ತೆರಡು ವರ್ಷ ನನಗೇ ಗೊತ್ತಿರಲಿಲ್ಲ. ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞಳು.

ಇದನ್ನು ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ತಾವು ಕೇಳಬಹುದು. ತಮಗೆ ನೇರವಾಗಿ ಆರು ಪತ್ರ ಬರೆದೆ. ಬಂದ ಉತ್ತರಗಳೆಲ್ಲ 'ಮಾನ್ಯ ಲೇಡಿ ಮಿಲ್ಡ್ರೆಡ್ ಅವರೇ' ಎಂದು ಶುರುವಾಗಿದ್ದವು. ಲೇಡಿ ಮಿಲ್ಡ್ರೆಡ್ ಎಂಬುದು ನಮ್ಮ ದೋಣಿಯ ಹೆಸರು. ಅರ್ಜಿಯ ಮೊದಲ ಸಾಲಿನಲ್ಲಿ ಅದನ್ನು ಕಂಡ ತಮ್ಮ ಕಚೇರಿ, ಯಾರೋ ದೊಡ್ಡ ಮನೆತನದ ಅಜ್ಜಿ ಮೊಮ್ಮಗಳಿಗೆ ಸೀಟು ಕೇಳುತ್ತಿದ್ದಾರೆ ಎಂದುಕೊಂಡಿತು. ತಪ್ಪಾಗಿದೆ ಎಂದು ಬರೆದೆ. 'ತಮ್ಮ ಪರವಾಗಿ ಶ್ರೀಮತಿ ಟ್ರಾಂಟರ್ ಎಂಬುವರು ನಮಗೆ ಬರೆಯುತ್ತಿದ್ದು, ಅವರಿಗೆ ತಮ್ಮ ಒಪ್ಪಿಗೆ ಇದೆಯೇ?' ಎಂದು ತಾವು ದೋಣಿಯನ್ನೇ ಕೇಳಿದಿರಿ. ದೋಣಿ ಇನ್ನೂ ಯೋಚಿಸುತ್ತಿದೆ.

ನಾನು ಲೋರ್ನಾ ಟ್ರಾಂಟರ್. ನನ್ನ ಗಂಡ ಕ್ಲೈವ್. ಕಾಲುವೆಯಲ್ಲಿ ದೋಣಿಗಳನ್ನೇ ಮನೆ ಮಾಡಿಕೊಂಡು ಬದುಕುವ ಜನರಿಗೆ ಕಲ್ಲಿದ್ದಲು, ಡೀಸೆಲ್, ಅಡುಗೆ ಗ್ಯಾಸು ತಲುಪಿಸುವುದು ನಮ್ಮ ಕಸುಬು. ನಮ್ಮ ದೋಣಿ ಎಪ್ಪತ್ತಡಿ ಉದ್ದ, ಏಳಡಿ ಅಗಲ. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ಚುಕ್ಕಾಣಿ ಕ್ಲೈವ್‌ನದು, ಮೂಟೆ ಎತ್ತುವುದೂ ಮಾತಾಡುವುದೂ ನನ್ನದು. ಹನ್ನೊಂದು ವರ್ಷದ ಬ್ರಯನಿ ನಮಗೆ ಒಬ್ಬಳೇ ಮಗಳು. ಅವಳಿಗೆ ಉಗ್ಗು. ಎಲ್ಲ ಅಕ್ಷರಗಳನ್ನೂ ಹೇಗೋ ದಾಟಿಬಿಡುತ್ತಾಳೆ, ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಬಿಟ್ಟು.

ಅದರಿಂದ ಏನಾಗುತ್ತದೆ ಎಂದು ಹೇಳುತ್ತೇನೆ, ಕೇಳಿ. ಎರಡನೇ ಶಾಲೆಗೆ ಸೇರಿದ ದಿನ ಹೆಸರು ಕೇಳಿದರು. 'ಬ... ಬ...' ಎಂದು ನಿಂತಳು. ಪಾಪ, ಒಳ್ಳೆಯ ಟೀಚರು; ಮಗು ಕಷ್ಟಪಡುವುದನ್ನು ನೋಡಲಾರದೆ, 'ಬೆತ್ ಅಲ್ವಾ ಚಿನ್ನ?' ಎಂದರು. ಇವಳು ತಲೆಯಾಡಿಸಿದಳು. ತಲೆಯಾಡಿಸುವುದು ಸುಲಭ. ಈಸ್ಟರ್‌ವರೆಗೆ ನನ್ನ ಮಗಳು ಆ ಶಾಲೆಯಲ್ಲಿ ಬೆತ್ ಆಗಿದ್ದಳು. ಬೆತ್ ಎಂದು ಬರೆದ ಚಿತ್ರಗಳನ್ನು ಮನೆಗೆ ತಂದಳು. ಯಾವ ಗೆಳತಿಯದು ಎಂದು ನಾನು ಕೇಳಿದೆ. ಅವಳು ಹೇಳಲಿಲ್ಲ. ವಿಷಯ ಗೊತ್ತಾದ ದಿನವೇ ಶಾಲೆಗೆ ಹೋಗಿ ಹೆಸರು ಸರಿಮಾಡಿಸಿದೆ.

ಐದು ಶಾಲೆ ಬದಲಾಯಿಸಿದ ಮೇಲೆ, ಮೂರು ವರ್ಷದ ಹಿಂದೆ ಈ ಊರಿನ ಪ್ರಾಥಮಿಕ ಶಾಲೆಯಲ್ಲಿ ಸಫಿಯಾ ಮಲಿಕ್ ಸಿಕ್ಕಳು. ಸಫಿಯಾ ಏನು ಮಾಡುತ್ತಾಳೆ ಗೊತ್ತೇ? ಏನೂ ಮಾಡುವುದಿಲ್ಲ. ಬ್ರಯನಿ ಒಂದು ಮಾತಿನ ಮಧ್ಯೆ ಸಿಕ್ಕಿಕೊಂಡರೆ ಆ ಹುಡುಗಿ ತನ್ನ ಪಾಡಿಗೆ ಕಿತ್ತಳೆ ಸುಲಿಯುತ್ತ ಕೂರುತ್ತದೆ. ಮುಖ ನೋಡುವುದಿಲ್ಲ, ಪದ ಎತ್ತಿಕೊಡುವುದಿಲ್ಲ. ಬೇರೆ ಮಕ್ಕಳು ಬಾಯಿ ಹಾಕಿದರೆ, 'ಸ್ವಲ್ಪ ಇರ್ರೋ, ಅವಳಿನ್ನೂ ಮುಗಿಸಿಲ್ಲ' ಎನ್ನುತ್ತದೆ. ಅಷ್ಟೇ. ಸರ್ಕಾರಿ ಮಾತಿನ ಚಿಕಿತ್ಸಕಿ ಎರಡು ವರ್ಷದಲ್ಲಿ ಮಾಡಲಾಗದ್ದನ್ನು ಈ ಹುಡುಗಿ ಎರಡು ತಿಂಗಳಲ್ಲಿ ಮಾಡಿತು ಎಂದು ಆ ಚಿಕಿತ್ಸಕಿಯೇ ಬರೆದುಕೊಟ್ಟಿದ್ದಾರೆ. ಆ ಪತ್ರವನ್ನು ಅರ್ಜಿಗೆ ಲಗತ್ತಿಸಿದ್ದೆ. 'ಈ ಶಾಲೆಯಿಂದ ಮಗುವಿಗೆ ಅನುಕೂಲವೆಂದು ಪತ್ರ ಹೇಳುತ್ತದೆಯೇ ಹೊರತು, ಬೇರಾವ ಶಾಲೆಯಿಂದಲೂ ಅನುಕೂಲವಾಗದೆಂದು ಹೇಳುವುದಿಲ್ಲ' ಎಂದು ತಾವು ಉತ್ತರಿಸಿದಿರಿ. ದೇಶದ ಅಷ್ಟೂ ಶಾಲೆಗಳನ್ನು ನೋಡಿಕೊಂಡು ಬಂದು ಬರೆಯಿರಿ ಎಂದು ಆ ಚಿಕಿತ್ಸಕಿಗೆ ಹೇಳಬೇಕಿತ್ತೇನೋ, ನನಗೆ ಹೊಳೆಯಲಿಲ್ಲ.

ಸಫಿಯಾಗೆ ಹ್ಯಾದರ್‌ಡೀನ್ ಸಿಕ್ಕಿದೆ. ಬ್ರಯನಿಗೆ ತಾವು ಕೊಟ್ಟಿರುವುದು ಏಳು ಮೈಲಿ ದೂರದ, ಎರಡು ಬಸ್ಸು ಬದಲಾಯಿಸಬೇಕಾದ, ಒಂದು ನರಪಿಳ್ಳೆಯೂ ಅವಳಿಗೆ ಪರಿಚಯವಿಲ್ಲದ ಕ್ವಿಲ್‌ಫರ್ಡ್ ಶಾಲೆ. ಏಕೆಂದರೆ ಎರಡು ಶಾಲೆಗಳ ವ್ಯಾಪ್ತಿಯ ಗಡಿ ನಮ್ಮ ಕಾಲುವೆಯ ನಟ್ಟನಡುವೆ ಹಾದುಹೋಗುತ್ತದೆ. ಆ ದಂಡೆ ಹ್ಯಾದರ್‌ಡೀನ್, ಈ ದಂಡೆ ಕ್ವಿಲ್‌ಫರ್ಡ್. ದೋಣಿ ಕಟ್ಟಲು ಗೂಟಗಳಿರುವುದು ಈ ದಂಡೆಯಲ್ಲಿ ಮಾತ್ರ. ಈ ಗೆರೆ ಎಳೆದ ಪುಣ್ಯಾತ್ಮ ನೀರಿನ ಮೇಲೆ ಯಾರೂ ವಾಸಿಸುವುದಿಲ್ಲ ಎಂದುಕೊಂಡಿರಬೇಕು. ನಾನು ತಕರಾರು ತೆಗೆಯಲಿಲ್ಲ. ಹೊರವ್ಯಾಪ್ತಿಯವರೂ ಅರ್ಜಿ ಹಾಕಬಹುದು, ಉಳಿದ ಸೀಟುಗಳನ್ನು ಮನೆಯಿಂದ ಶಾಲೆಯ ಗೇಟಿಗಿರುವ ನೇರ ದೂರ ನೋಡಿ ಹಂಚುತ್ತೇವೆ ಎಂದು ತಮ್ಮ ಕೈಪಿಡಿಯೇ ಹೇಳುತ್ತದೆ. ನಮ್ಮ ದೂರ ಐವತ್ತೆರಡು ಗಜ. ಪಕ್ಕದಲ್ಲೇ ನಡೆದು ದಾಟುವ ಸೇತುವೆ ಇದೆ. ಹೊರವ್ಯಾಪ್ತಿಯ ಸಾಲಿನಲ್ಲಿ ನಮಗಿಂತ ಮುಂದೆ ಬಾತುಕೋಳಿಗಳು ಮಾತ್ರ ಇರಲು ಸಾಧ್ಯ.

ಆದರೆ ಅರ್ಜಿಯಲ್ಲಿ 'ಖಾಯಂ ವಿಳಾಸ' ಎಂಬ ಕಲಮು ಇದೆ. ತಾವು ಹೇಳುವುದು: ಅಕ್ಟೋಬರ್ ಮೂವತ್ತೊಂದರ ಗಡುವಿಗೆ ಮುಂಚೆ ಆರು ತಿಂಗಳು ಮನೆ ಬದಲಾಯಿಸಿರಬಾರದು. ಕಾಲುವೆ ಇಲಾಖೆ ಹೇಳುವುದು: ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಂತರೆ ದೋಣಿಯ ಲೈಸೆನ್ಸು ರದ್ದು. ಒಂದು ಇಲಾಖೆಗೆ ನಾವು ಅಲುಗಾಡಿದರೆ ಅಪರಾಧ, ಇನ್ನೊಂದಕ್ಕೆ ಅಲುಗಾಡದಿದ್ದರೆ ಅಪರಾಧ. ಹಾಗಾಗಿ ಅಕ್ಕಪಕ್ಕದ ಸೇತುವೆಗಳಿಗೆ ಹೋಗಿ ಮತ್ತೆ ಇಲ್ಲಿಗೇ ಬರುತ್ತಿರುತ್ತೇವೆ. ತಮ್ಮ ಎರಡು ಕಚೇರಿಗಳ ನಡುವೆ ಒಂದು ರಸ್ತೆ ಮಾತ್ರ ಅಡ್ಡ ಇದೆ ಎಂದು ಕೇಳಿದ್ದೇನೆ. ಯಾರಾದರೂ ಒಮ್ಮೆ ದಾಟಿ ಹೋಗಿ ಚಹಾ ಕುಡಿದು ಬರಬಾರದೇ?

ಕ್ಲೈವ್‌ಗೆ ಸುಳ್ಳು ಬರೆಯಲು ಬಾರದು. ಸಫಿಯಾಳ ತಾಯಿ ನುಸ್ರತ್, 'ನಮ್ಮನೆ ವಿಳಾಸ ಹಾಕ್ಬಿಡ್ರಿ ಅಕ್ಕ, ಹೇಗೂ ನಿಮ್ಮ ಟಪಾಲೆಲ್ಲ ಇಲ್ಲಿಗೇ ಬರತ್ತಲ್ಲ' ಎಂದಿದ್ದರು. ನನಗೆ ಆಸೆಯಾಯಿತು, ಒಪ್ಪಿಕೊಳ್ಳುತ್ತೇನೆ. ಕ್ಲೈವ್ ಪೆನ್ನು ಕಿತ್ತುಕೊಂಡ. ಕಾಲುವೆಯವರೆಲ್ಲ ಒಬ್ಬರಿಗೊಬ್ಬರು ಹೇಗೆ ವಿಳಾಸ ಹೇಳುತ್ತೇವೋ ಹಾಗೆಯೇ ಬರೆದ: 'ಲೇಡಿ ಮಿಲ್ಡ್ರೆಡ್, ಅರವತ್ತೊಂದನೇ ಸೇತುವೆಯ ಬಳಿ, ಹೆಚ್ಚು ಕಡಿಮೆ.'

'ಆ ಹೆಚ್ಚು ಕಡಿಮೆ ಯಾಕೋ ಮಾರಾಯ?' ಎಂದು ಕೇಳಿದೆ.

'ನಿಜ ಅಲ್ವೇನೇ? ಒಂದು ದಿನ ಐದಡಿ ಆಕಡೆ, ಒಂದು ದಿನ ಈಕಡೆ. ನಾಳೆ ಬಂದು ಅಳೆದ್ರೆ ಸುಳ್ಳು ಅಂತಾರೆ' ಎಂದ.

ಆ ಎರಡು ಪದಗಳಿಗೆ ತಮ್ಮ ಕಚೇರಿ ಬೆಚ್ಚಿಬಿದ್ದದ್ದು ಅಷ್ಟಿಷ್ಟಲ್ಲ. ಸುಳ್ಳು ವಿಳಾಸ ಕೊಟ್ಟು ಸೀಟು ಹೊಡೆಯುವವರನ್ನು ಹಿಡಿಯಲು ತಾವಿಟ್ಟಿರುವ ವಿಳಾಸ ಪರೀಕ್ಷಕರನ್ನು, ಗಡುವಿನ ದಿನವೇ, ಬೆಳಿಗ್ಗೆ ಹನ್ನೊಂದಕ್ಕೆ ಅರವತ್ತೊಂದನೇ ಸೇತುವೆಗೆ ಕಳಿಸಿದಿರಿ. ನಾವು ಅಲ್ಲಿರಬೇಕಿತ್ತು. ಆ ದಿನ ಅಲ್ಲಿರಬೇಕೆಂದೇ ಎರಡು ತಿಂಗಳಿಂದ ಹದಿನಾಲ್ಕರ ಲೆಕ್ಕ ಹಿಂದುಮುಂದು ಹೊಂದಿಸಿಕೊಂಡು ಬಂದಿದ್ದೆವು. ಆದರೆ ಒಂಬತ್ತಕ್ಕೆ ಎಪ್ಪತ್ತನಾಲ್ಕನೇ ಸೇತುವೆಯಿಂದ ಪೆಟಿಫರ್ ತಾತನ ಫೋನು ಬಂತು. ಎಂಬತ್ತಮೂರು ವರ್ಷದ ಮನುಷ್ಯ, ದೋಣಿಯಲ್ಲಿ ಒಬ್ಬರೇ. 'ತೊಂದ್ರೆ ಏನಿಲ್ಲಮ್ಮ, ಕಲ್ಲಿದ್ದಲು ನಿನ್ನೇನೇ ಮುಗೀತು, ಎರಡು ಕೋಟು ಹಾಕ್ಕೊಂಡಿದೀನಿ' ಎಂದರು. ಕ್ಲೈವ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಇಬ್ಬರೂ ಹೋಗಿ ಹಗ್ಗ ಬಿಚ್ಚಿದೆವು. ಕಾಲುವೆಯ ಮೇಲೆ ಹುಟ್ಟಿ ಬೆಳೆದವರು ಮಾತ್ರ ಮಾಡುವ ತಪ್ಪು ಇದು: ಗಡುವಿನ ದಿನ ಮನೆಯಲ್ಲಿರಬೇಕು ಎಂಬುದು ನಮಗೆ ನೆನಪಿತ್ತು. ಮನೆಯಲ್ಲೇ ಇದ್ದೆವಲ್ಲ! ಮನೆ ಅಲ್ಲಿರಬೇಕು ಎಂಬುದು ಹಗ್ಗ ಬಿಚ್ಚುವಾಗ ಇಬ್ಬರ ತಲೆಗೂ ಹೊಳೆಯಲಿಲ್ಲ. ಎಂಬತ್ತಮೂರರ ಮುದುಕನ ಒಲೆ ಹೊತ್ತಿಸಿಕೊಟ್ಟು ನಾಲ್ಕು ಗಂಟೆಗೆ ವಾಪಸಾದೆವು.

ಪರೀಕ್ಷಕರ ವರದಿ ಈಗ ನನ್ನ ಬಳಿ ಇದೆ. 'ಸದರಿ ವಿಳಾಸದಲ್ಲಿ ಮನೆ ಕಂಡುಬರಲಿಲ್ಲ. ನೆರೆಹೊರೆಯವರನ್ನು ವಿಚಾರಿಸಲು ಯತ್ನಿಸಲಾಗಿ, ಬಾತುಕೋಳಿಗಳ ಹೊರತು ಯಾರೂ ಇರಲಿಲ್ಲ.' ಬೀಗ ಹಾಕಿಕೊಂಡು ಹೋಗುವವರನ್ನು ಪಾಪ ಅವರು ಕಂಡಿದ್ದಾರೆ, ಮನೆಯನ್ನೇ ತೆಗೆದುಕೊಂಡು ಹೋಗುವವರನ್ನು ಕಂಡಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ತಾವು ಏನು ಮಾಡಿದಿರಿ ಎಂಬುದಕ್ಕೆ ಸಿಟ್ಟು. ತಮ್ಮ ನಿಯಮದ ಪ್ರಕಾರ, ಸ್ಥಿರ ವಿಳಾಸವಿಲ್ಲದವರ ಮನೆಯನ್ನು ಕೌನ್ಸಿಲ್ ಕಟ್ಟಡದ ಮುಂಬಾಗಿಲು ಎಂದು ಪರಿಗಣಿಸಿ ದೂರ ಅಳೆಯತಕ್ಕದ್ದು. ತಾವು ಕೂರುವ ಆ ಕೌನ್ಸಿಲ್ ಕಟ್ಟಡ ಶಾಲೆಯಿಂದ ಒಂಬತ್ತು ಮೈಲಿ. ಅಂದರೆ ನಾವು ತಮ್ಮ ಮುಂಬಾಗಿಲಿನಲ್ಲಿ ವಾಸವಾಗಿದ್ದೇವೆ.

ಸರಿ, ಹಾಗಾದರೆ ಮನೆಗೇ ಹೋಗೋಣ ಎಂದು ಮಾರ್ಚ್ ಹನ್ನೆರಡರಂದು ಹೊರಟೆವು. ಚಹಾ ಕೆಟಲು, ಬ್ರಯನಿಯ ದಿಂಬು, ಕ್ಲೈವ್‌ನ ಚಪ್ಪಲಿ, ನಮ್ಮ ನಾಯಿ, ಎಲ್ಲ ತೆಗೆದುಕೊಂಡು ಹೋಗಿ ತಮ್ಮ ಸ್ವಾಗತ ಕೌಂಟರಿನ ಪಕ್ಕದ ಸೋಫಾದಲ್ಲಿ ಕೂತೆವು. ಕೌಂಟರಿನ ಹೆಂಗಸು, 'ಯಾರನ್ನ ನೋಡ್ಬೇಕಿತ್ತು ಮೇಡಂ?' ಎಂದು ಕೇಳಿದಳು. ಯಾರನ್ನೂ ನೋಡಬೇಕಿಲ್ಲ, ಮನೆಗೆ ಬಂದಿದ್ದೇವೆ ಎಂದು ಹೇಳಿ ತಮ್ಮ ಪತ್ರ ತೋರಿಸಿದೆ. ಎರಡು ಸಲ ಓದಿದಳು. ನಾಯಿಯನ್ನು ನೋಡಿದಳು. ಒಳಗೆ ಹೋಗಿ ತನ್ನ ಮೇಲಿನವರನ್ನು ಕರೆತಂದಳು. ಅವರು ಟೈ ಸರಿಮಾಡಿಕೊಂಡು, ಈ ಕಟ್ಟಡದಲ್ಲಿ ಯಾರೂ ವಾಸ ಮಾಡುವಂತಿಲ್ಲ, ಕಾನೂನು ಒಪ್ಪುವುದಿಲ್ಲ ಎಂದರು.

'ಹಾಗಂತ ಬರ್ಕೊಡ್ತೀರಾ ಸಾರ್?' ಎಂದೆ. 'ಟ್ರಾಂಟರ್ ಕುಟುಂಬ ಇಲ್ಲಿ ವಾಸವಿಲ್ಲ ಅಂತ ಒಂದೇ ಸಾಲು. ಸಾಕು, ಎದ್ದು ಹೋಗ್ತೀವಿ.'

ಅವರಿಗೆ ತಕ್ಷಣ ಅರ್ಥವಾಯಿತು, ಜಾಣರು. ಹಾಗೆ ಬರೆದುಕೊಟ್ಟರೆ ಒಂಬತ್ತು ಮೈಲಿಯೂ ಬಿದ್ದುಹೋಗುತ್ತದೆ. ಬರೆದುಕೊಡಲಿಲ್ಲ. ನಮ್ಮನ್ನು ಎಬ್ಬಿಸಲೂ ಇಲ್ಲ. ಸಂಜೆ ಐದಕ್ಕೆ ದೀಪ ಆರಿಸುವಾಗ ಆ ಹೆಂಗಸೇ ಬಂದು, ಕೆಟಲಿನ ಪ್ಲಗ್ಗು ತೆಗೆದು, ಕ್ಷಮೆ ಕೇಳಿದಳು. ಇಡೀ ಕಟ್ಟಡದಲ್ಲಿ ಕ್ಷಮೆ ಕೇಳಿದವಳು ಅವಳೊಬ್ಬಳೇ.

ಮೇಲ್ಮನವಿ ಸಲ್ಲಿಸಿದೆವು. ಮೇ ಇಪ್ಪತ್ತಮೂರರಂದು ಮೂವರು ಸದಸ್ಯರ ಸಮಿತಿ ಕೂತಿತು. ನಮಗೆ ಕೊಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನಾರು ನಿಮಿಷ ನಮ್ಮ ಮುಂಬಾಗಿಲು ಯಾವುದು ಎಂಬ ಚರ್ಚೆಗೆ ಹೋಯಿತು. ದೂರ ಅಳೆಯುವುದು ಮುಂಬಾಗಿಲಿನಿಂದ ತಾನೇ? ನಾವು ಓಡಾಡುವುದು ಹಿಂದಿನ ಬಾಗಿಲಿನಿಂದ ಎಂದು ಕ್ಲೈವ್ ಹೇಳಿದ. ಹಾಗಾದರೆ ದೋಣಿಯನ್ನು ತಿರುಗಿಸಿದರೆ ಅದೇ ಮುಂಬಾಗಿಲಾಗುತ್ತದೆಯೇ ಎಂದು ಒಬ್ಬ ಸದಸ್ಯರು ಕೇಳಿದರು. 'ಇಲ್ಲ ಸಾರ್, ತಿರುಗಿಸಿದ್ರೂ ಅದು ಹಿಂದಿನ ಬಾಗಿಲೇ. ಆದ್ರೆ ಎಪ್ಪತ್ತಡಿ ಆಚೆ ಹೋಗಿರತ್ತೆ' ಎಂದ ನನ್ನ ಗಂಡ, ಗಂಭೀರವಾಗಿ. ಮೂವರೂ ಬರೆದುಕೊಂಡರು. ದೋಣಿಯನ್ನು ಪರಿಶೀಲನೆಗೆ ಕಟ್ಟಡದ ಹತ್ತಿರ ತರಲಾಗುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ತರಬಹುದು, ಕಾಲುವೆ ತೋಡಿಸಿಕೊಡಿ ಎಂದು ನಾನು ಹೇಳಿದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಉಳಿದ ನಾಲ್ಕು ನಿಮಿಷದಲ್ಲಿ ಅಧ್ಯಕ್ಷೆಗೆ ಬ್ರಯನಿ ಕಂಡಳು. ಮಕ್ಕಳು ಬರುವ ನಿಯಮವಿಲ್ಲ, ಆದರೆ ಅವಳು ಬರುತ್ತೇನೆಂದು ಹಟ ಹಿಡಿದಿದ್ದಳು. ಹಿಂದಿನ ದಿನವೆಲ್ಲ ಏನೋ ಒಂದನ್ನು ಬಾಯಿಪಾಠ ಮಾಡಿದ್ದಳು, ನನಗೆ ಹೇಳಿರಲಿಲ್ಲ. 'ನೀನೇನಾದ್ರೂ ಹೇಳ್ತೀಯೇನಮ್ಮ?' ಎಂದರು ಅಧ್ಯಕ್ಷೆ. ಮಗಳು ಎದ್ದು ನಿಂತಳು. ಮೊದಲ ಪದದ ಮೊದಲ ಸದ್ದೇ ಹೊರಡಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ. ಅಧ್ಯಕ್ಷೆ ಗಡಿಯಾರ ನೋಡಿ, ತುಂಬ ಪ್ರೀತಿಯಿಂದ, 'ಆ ಶಾಲೆ ಯೂನಿಫಾರಂ ಬಣ್ಣ ನಿಂಗಿಷ್ಟ, ಅಲ್ವಾ?' ಎಂದರು.

ಅವಳು ತಲೆಯಾಡಿಸಿ ಕೂತುಕೊಂಡಳು.

ಇದು ತಮ್ಮ ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: 'ವಿದ್ಯಾರ್ಥಿನಿಯು ಸದರಿ ಶಾಲೆಯ ಸಮವಸ್ತ್ರದ ಬಣ್ಣ ತನಗೆ ಇಷ್ಟವೆಂದು ತಿಳಿಸಿದಳು. ಇದು ಪ್ರವೇಶಕ್ಕೆ ಸಾಕಷ್ಟು ಆಧಾರವಲ್ಲ.' ದೋಣಿ ಕಾನೂನಿನ ಪ್ರಕಾರ ಮನೆಯೋ ಅಲ್ಲವೋ ಎಂದು ವಕೀಲರನ್ನು ಕೇಳಿ ತಿಳಿಯಬೇಕೆಂದು ವಿಚಾರಣೆಯನ್ನು ಜೂನ್ ಹನ್ನೆರಡಕ್ಕೆ ಮುಂದೂಡಿದ್ದೀರಿ. ನನ್ನ ಮಗಳು ಆ ಬಣ್ಣದ ಮಾತು ಆಡಿದಳೋ ಇಲ್ಲವೋ ಎಂದು ಮಾತ್ರ ಯಾರನ್ನೂ ಕೇಳಿಲ್ಲ.

ಬಸ್ ನಿಲ್ದಾಣಕ್ಕೆ ನಡೆಯುತ್ತ, ನಿಜವಾಗಿ ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ. ಹೇಳಿದಳು. ನಿಲ್ದಾಣ ಬಂತು, ನಮ್ಮ ಬಸ್ಸೂ ಬಂದು ಹೋಯಿತು, ಅವಳಿನ್ನೂ ಹೇಳುತ್ತಲೇ ಇದ್ದಳು. ತಡೆದು ತಡೆದು ಬಂದದ್ದನ್ನು ಒಟ್ಟು ಮಾಡಿ ಬರೆಯುತ್ತಿದ್ದೇನೆ: 'ಮೊದಲ್ನೇ ದಿನ ಎಲ್ರೂ ಎದ್ದು ನಿಂತು ಹೆಸ್ರು ಹೇಳ್ಬೇಕು ಅಮ್ಮ. ಸಫಿಯಾ ಪಕ್ಕದಲ್ಲಿದ್ರೆ ನಾನು ಹೇಳಿ ಮುಗಿಸ್ತೀನಿ. ಅವಳಿಲ್ದೇ ಇದ್ರೆ ನಾನು ಮತ್ತೆ ಬೆತ್ ಆಗ್ಬಿಡ್ತೀನಿ.'

ಮಾನ್ಯರೇ, ನಾನು ಬಾಯಿಬಡುಕಿ. ಅವತ್ತು ಆ ನಿಲ್ದಾಣದ ಬೆಂಚಿನಲ್ಲಿ ಅವಳಿಗೆ ಒಂದು ಪದವನ್ನೂ ಎತ್ತಿಕೊಡದೆ ಕೂತಿದ್ದೆ.

ಇಷ್ಟೇ ಆಗಿದ್ದರೆ ನಾನು ಜೂನ್ ಹನ್ನೆರಡರವರೆಗೆ ಸುಮ್ಮನಿರುತ್ತಿದ್ದೆನೋ ಏನೋ. ಮೊನ್ನೆ ಮಂಗಳವಾರ ನನ್ನ ಫೋನಿನಲ್ಲಿ ನೋಡುತ್ತೇನೆ, ತಮ್ಮ ಸಹಾಯವಾಣಿಗೆ ಒಂಬತ್ತು ಕರೆ ಹೋಗಿವೆ. ನಾಲ್ಕು ಗಂಟೆಯಿಂದ ಐದರವರೆಗೆ. ನಾನು ಮಾಡಿದ್ದಲ್ಲ. ಕ್ಲೈವ್ ಮಾಡುವವನಲ್ಲ. ಮಗಳನ್ನು ಕೇಳಿದೆ. ಯೂನಿಫಾರಂ ವಿಷಯ ನಾನು ಹೇಳಿಲ್ಲ, ಅದನ್ನು ತೆಗೆಯಿರಿ ಎಂದು ತಮಗೆ ಹೇಳಲು ಮಾಡಿದಳಂತೆ. ಅಷ್ಟು ಹೊತ್ತು ದೋಣಿಯ ಮೂತಿಯಲ್ಲಿ, ಕಲ್ಲಿದ್ದಲಿನ ಮೂಟೆಗಳ ನಡುವೆ, ನಮ್ಮ ಕಣ್ಣಿಗೆ ಬೀಳದಂತೆ ಕೂತಿದ್ದಳು.

ತಮ್ಮ ಸಹಾಯವಾಣಿಯಲ್ಲಿ ಮನುಷ್ಯರು ಸಿಗುವ ಮುನ್ನ ಯಂತ್ರವೊಂದು ಸಿಗುತ್ತದೆ. ನಾನೇ ಮಾಡಿ ನೋಡಿದೆ. 'ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ. ಶಬ್ದ ಬಂದ ನಂತರ ಮಗುವಿನ ಪೂರ್ಣ ಹೆಸರನ್ನು ಹೇಳಿ' ಎನ್ನುತ್ತದೆ. ನಾಲ್ಕು ಸೆಕೆಂಡು ಕಾಯುತ್ತದೆ. ಆಮೇಲೆ, 'ಯಾವುದೇ ಉತ್ತರ ಬಂದಿಲ್ಲ, ಕರೆ ಮಾಡಿದ್ದಕ್ಕೆ ಧನ್ಯವಾದ' ಎಂದು ಇಟ್ಟುಬಿಡುತ್ತದೆ. ಎಂಟು ಸಲ ಅದು ನನ್ನ ಮಗಳಿಗೆ ಧನ್ಯವಾದ ಹೇಳಿದೆ. ಒಂಬತ್ತನೇ ಸಲಕ್ಕೆ ಅವಳು ಒಂದು ಉಪಾಯ ಹೂಡಿದಳು. ಶಬ್ದ ಬರುವವರೆಗೆ ಕಾಯಲಿಲ್ಲ. ಯಂತ್ರ ತನ್ನ ಪಾಡಿಗೆ ಮಾತಾಡುತ್ತಿರುವಾಗಲೇ ಮೊದಲ ಅಕ್ಷರವನ್ನು ಹಿಡಿದು ತಳ್ಳಲು ಶುರುಮಾಡಿದಳು. ಶಬ್ದ ಬರುವ ಹೊತ್ತಿಗೆ ಅದು ಹೊರಗೆ ಬಂತು, ಅದರ ಹಿಂದೆಯೇ ಉಳಿದದ್ದೂ ಬಂತು. ಬ್ರಯನಿ ಟ್ರಾಂಟರ್. ಪೂರ್ತಿ. ಯಾರೂ ಪಕ್ಕದಲ್ಲಿಲ್ಲದೆ, ಯಾರೂ ಎತ್ತಿಕೊಡದೆ.

ಆಗ ಗಂಟೆ ಐದಾಗಿತ್ತು. ಕಚೇರಿಯ ವೇಳೆ ಮುಗಿದಿದೆ, ನಾಳೆ ಕರೆ ಮಾಡಿ ಎಂದಿತು ತಮ್ಮ ಯಂತ್ರ.

ನನಗೆ ಇದನ್ನು ಹೇಳುವಾಗ ಅವಳು ಅಳುತ್ತಿರಲಿಲ್ಲ. ಕೈ ಮುಖವೆಲ್ಲ ಮಸಿ, ಅದರಲ್ಲಿ ನಗು. 'ಅಮ್ಮ, ಹೇಳ್ದೆ' ಎಂದಳು.

ಆದ್ದರಿಂದ ನನ್ನ ಬೇಡಿಕೆ. ಸೀಟು ಕೊಡಿ, ಅದನ್ನು ಮತ್ತೆ ವಿವರಿಸುವುದಿಲ್ಲ. ಕೊಡುವ ಮುನ್ನ ಅಥವಾ ಕೊಡದಿರುವ ಮುನ್ನ, ಜೂನ್ ಹನ್ನೆರಡರಂದು, ಆ ಮಂಗಳವಾರದ ಒಂಬತ್ತು ಧ್ವನಿಮುದ್ರಣಗಳನ್ನು ತರಿಸಿ. ಮೂವರು ಸದಸ್ಯರೂ ತಾವೂ ಕೂತು, ಗಡಿಯಾರ ನೋಡದೆ, ಮೊದಲಿಂದ ಕೊನೆಯವರೆಗೆ ಕೇಳಿ. ಒಂಬತ್ತನೆಯದರಲ್ಲಿ ಅವಳ ಹೆಸರಿದೆ. ಮೊದಲ ಎಂಟರಲ್ಲಿ ಏನೂ ಇಲ್ಲವೆಂದು ಮುಂದಕ್ಕೆ ಓಡಿಸಬೇಡಿ. ಅವುಗಳಲ್ಲಿ ಉಸಿರಿನ ಸದ್ದು ಕೇಳುತ್ತದಲ್ಲ, ಅದೂ ನನ್ನ ಮಗಳೇ.

ಇಂತಿ,
ಬಾಯಿ ಮುಚ್ಚಿ ಕಾಯಲು ಈಗಷ್ಟೇ ಕಲಿಯುತ್ತಿರುವ
ಲೋರ್ನಾ ಟ್ರಾಂಟರ್
(ಬ್ರಯನಿಯ ತಾಯಿ)